ಗೇರ್ ಬಾಕ್ಸ್ ಹೋಯ್ತು ಅನ್ನೋಕೆ ಮುಂಚೆ...

ಈ ಕಡೆ ತಲೆ ಹಾಕದೆ ಎರಡು ತಿಂಗಳಾಯ್ತು. ಕೆಲಸ ಜಾಸ್ತಿ ಇತ್ತು ಅಂತ ಹೇಳಿ ತಪ್ಪಿಸಿಕೊಳ್ಳಬಹುದು, ಆದರೆ ನಿಜವಾದ ಕಾರಣ ಕಾರು. ಅದೂ ಒಂದಲ್ಲ, ಎರಡು. ಒಂದು ನನ್ನದು, ಇನ್ನೊಂದು ಗೆಳೆಯನದು. ಮೊದಲನೆಯದರಲ್ಲಿ ಜಾಣ ಅನ್ನಿಸಿಕೊಂಡೆ, ಎರಡನೆಯದರಲ್ಲಿ ಪೆದ್ದ. ಎರಡನ್ನೂ ಹೇಳದಿದ್ದರೆ ಈ ಬರಹ ಅರ್ಧ ಸುಳ್ಳಾಗುತ್ತೆ.

ನಾನಿರೋದು ಅಮೆರಿಕದ ಓಹಾಯೋದಲ್ಲಿ, ಕೊಲಂಬಸ್ ಊರಲ್ಲಿ. ಬೆಂಗಳೂರಲ್ಲಿ ಬೈಕು ಓಡಿಸ್ತಿದ್ದವನು ಇಲ್ಲಿ ಕೊಂಡಿದ್ದು 12 ವರ್ಷ ಹಳೇ, ಒಂದು ಲಕ್ಷ ಮೈಲಿ ದಾಟಿದ ಆಟೋಮ್ಯಾಟಿಕ್ ಕಾರು. ಕ್ಲಚ್ಚು ಗೇರು ಇರೋ ಗಾಡೀಲಿ ಏನಾದ್ರೂ ಕೆಟ್ಟರೆ ಮೊದಲು ನಮ್ಮ ಕೈಕಾಲಿಗೇ ಗೊತ್ತಾಗುತ್ತೆ. ಆಟೋಮ್ಯಾಟಿಕ್ ಹಾಗಲ್ಲ, ಮುಚ್ಚಿದ ಪೆಟ್ಟಿಗೆ. ಒಳಗೆ ಆಯಿಲ್ ಒತ್ತಡದಿಂದ ಕ್ಲಚ್ ಪ್ಲೇಟುಗಳು ಹಿಡಿಯೋದು ಬಿಡೋದು ಮಾಡ್ತಿರುತ್ತವೆ, ನಮಗೆ ಕಾಣೋದು ಪಿ, ಆರ್, ಎನ್, ಡಿ ಅನ್ನೋ ನಾಲ್ಕು ಅಕ್ಷರ ಅಷ್ಟೇ. ಕಾಣದ್ದಕ್ಕೆ ಭಯ ಜಾಸ್ತಿ. ಆ ಭಯದ ಮೇಲೇ ಕೆಲವರ ವ್ಯಾಪಾರವೂ ನಡೆಯುತ್ತೆ.

ಕಳೆದ ಚಳಿಗಾಲದಲ್ಲಿ ನನ್ನ ಕಾರಿಗೆ ಶುರುವಾಯ್ತು. ಬೆಳಿಗ್ಗೆ ಡಿ ಗೆ ಹಾಕಿದರೆ ಮೂರ್ನಾಲ್ಕು ಸೆಕೆಂಡ್ ಏನೂ ಆಗ್ತಿರಲಿಲ್ಲ, ಆಮೇಲೆ ಧಡ್ ಅಂತ ಒಂದು ಒದೆತ. ಎರಡರಿಂದ ಮೂರನೇ ಗೇರಿಗೆ ಹೋಗುವಾಗ ಎಂಜಿನ್ ಗುಂಯ್ ಅಂತ ಏರೋದು, ಕಾರಿನ ವೇಗ ಮಾತ್ರ ಅಷ್ಟೇ ಇರೋದು. ಹತ್ತಿರದ ಗ್ಯಾರೇಜಿಗೆ ಹೋಗಿ "ಗೇರ್ ಸರಿಯಾಗಿ ಬೀಳ್ತಿಲ್ಲ" ಅಂದೆ. ಅವನು ಹತ್ತು ನಿಮಿಷ ಓಡಿಸಿ ಬಂದು, ಬಾನೆಟ್ ಕೂಡ ತೆಗೆಯದೆ ಹೇಳಿದ: ಟ್ರಾನ್ಸ್‌ಮಿಷನ್ ಹೋಗಿದೆ, ಬಿಚ್ಚಿ ಕಟ್ಟಬೇಕು, 3,200 ಡಾಲರ್. ನನ್ನ ಇಡೀ ಕಾರಿಗೆ ಅಷ್ಟು ಬೆಲೆ ಇರಲಿಲ್ಲ ಮಾರಾಯ್ರೆ!

ವಾಪಸ್ ಬರ್ತಾ ಒಂದು ವಿಷಯ ಹೊಳೀತು. ಆಫೀಸಿನಲ್ಲಿ ಯಾರಾದ್ರೂ "ನಿಮ್ಮ ಪ್ರೋಗ್ರಾಮ್ ಕೆಲಸ ಮಾಡ್ತಿಲ್ಲ" ಅಂತ ಒಂದೇ ಸಾಲು ಬರೆದರೆ ನಾವು ಸಿಟ್ಟಾಗ್ತೀವಿ. ಏನು ಮಾಡಿದಾಗ ಆಯ್ತು, ಪ್ರತೀ ಸಲ ಆಗುತ್ತಾ, ಎಲ್ಲ ಹೇಳಪ್ಪಾ ಅಂತ ವಾಪಸ್ ಕಳಿಸ್ತೀವಿ. ನಾನು ಗ್ಯಾರೇಜಿಗೆ ತಗೊಂಡು ಹೋಗಿದ್ದೂ ಅಂಥದ್ದೇ ಒಂದು ಸಾಲು ತಾನೇ?

ಒಂದು ವಾರ ಕಾರಲ್ಲಿ ಒಂದು ನೋಟ್ ಬುಕ್ ಇಟ್ಟುಕೊಂಡೆ. ಎಂಜಿನ್ ತಣ್ಣಗಿತ್ತಾ ಬಿಸಿಯಾಗಿತ್ತಾ, ಯಾವ ಗೇರಿನಿಂದ ಯಾವ ಗೇರಿಗೆ, ಆಕ್ಸಿಲರೇಟರ್ ಮೆಲ್ಲಗೆ ಒತ್ತಿದ್ದಾಗಲೋ ಜೋರಾಗಿ ಒತ್ತಿದ್ದಾಗಲೋ. ನಾಲ್ಕನೇ ದಿನಕ್ಕೆ ಚಿತ್ರ ಸ್ಪಷ್ಟವಾಯ್ತು. ತೊಂದರೆ ಇದ್ದದ್ದು ತಣ್ಣಗಿದ್ದಾಗ ಮಾತ್ರ. ಆಮೇಲೆ ಕಾರಿನ ಕೈಪಿಡಿ ಓದಿ ಆಯಿಲ್ ನೋಡಿದೆ. ಸಮತಟ್ಟು ಜಾಗ, ಎಂಜಿನ್ ಬಿಸಿ, ಪಿ ಯಲ್ಲಿ ಎಂಜಿನ್ ಓಡ್ತಿರುವಾಗಲೇ ಡಿಪ್ ಸ್ಟಿಕ್ ಎಳೆದು ನೋಡಬೇಕು. ಇದು ನನ್ನ ಕಾರಿನ ಕ್ರಮ. ಕೆಲವು ಕಾರುಗಳಲ್ಲಿ ಎಂಜಿನ್ ಆರಿಸಿ ನೋಡಬೇಕು, ಹೊಸ ಕಾರುಗಳು ಎಷ್ಟೋದರಲ್ಲಿ ಡಿಪ್ ಸ್ಟಿಕ್ಕೇ ಇರೋದಿಲ್ಲ. ನನ್ನ ಡಿಪ್ ಸ್ಟಿಕ್ಕಿನ ತುದಿಯಲ್ಲಷ್ಟೇ ಆಯಿಲ್ ಅಂಟಿತ್ತು. ಬಣ್ಣ ಮಾತ್ರ ತಿಳಿಗೆಂಪು, ಸುಟ್ಟ ವಾಸನೆ ಇಲ್ಲ.

ಈ ಆಯಿಲ್ ಪೆಟ್ರೋಲಿನ ಹಾಗೆ ಉರಿದು ಖರ್ಚಾಗೋದಲ್ಲ. ಕಡಿಮೆಯಾಗಿದೆ ಅಂದರೆ ಎಲ್ಲೋ ಸೋರಿದೆ ಅಂತಲೇ ಅರ್ಥ. ರಾತ್ರಿ ಕಾರಿನ ಕೆಳಗೆ ರಟ್ಟು ಹಾಸಿಟ್ಟೆ. ಬೆಳಿಗ್ಗೆ ಮುಂಭಾಗದಲ್ಲಿ, ರೇಡಿಯೇಟರ್ ಹತ್ತಿರ, ಕುಂಕುಮದ ಬೊಟ್ಟಿನ ಹಾಗೆ ನಾಲ್ಕು ಕೆಂಪು ಹನಿ! ಆಯಿಲ್ ತಣ್ಣಗಾಗಲು ರೇಡಿಯೇಟರಿಗೆ ಹೋಗಿ ಬರುವ ಲೋಹದ ಪೈಪು ಇಲ್ಲಿ ಹಿಮ ಕರಗಿಸಲು ರಸ್ತೆಗೆ ಸುರಿಯೋ ಉಪ್ಪಿಗೆ ತುಕ್ಕು ಹಿಡಿದಿತ್ತು. ಬೆಳಿಗ್ಗೆ ತಣ್ಣಗೆ ಕುಗ್ಗಿದ ಆಯಿಲ್ ಪಂಪಿಗೆ ಸಾಲದೆ ಒತ್ತಡ ಬರ್ತಿರಲಿಲ್ಲ, ಅದಕ್ಕೇ ಆ ತಡ, ಆ ಒದೆತ. ನೋಟ್ ಬುಕ್ ಹಿಡಿದು ಇನ್ನೊಂದು ಗ್ಯಾರೇಜಿಗೆ ಹೋದೆ. ಅಲ್ಲಿನ ಹಿರಿಯ ಮೆಕ್ಯಾನಿಕ್ ಪೂರ್ತಿ ಓದಿ, ಕಾರನ್ನ ಮೇಲೆತ್ತಿ ನೋಡಿ, ಪೈಪು ಬದಲಾಯಿಸಿ, ಆಯಿಲ್ ತುಂಬಿಸಿ ಕೊಟ್ಟ. 260 ಡಾಲರ್.

ಇಲ್ಲಿಗೇ ನಿಲ್ಲಿಸಿದ್ದರೆ ಒಳ್ಳೇ ಕಥೆ :) ಆದರೆ ನನ್ನ ತಲೆ ನಿಲ್ಲಲಿಲ್ಲ. ಸಿಕ್ಕಸಿಕ್ಕವರಿಗೆಲ್ಲ ಕಾರಿನ ಡಾಕ್ಟರ್ ಆಗಿಬಿಟ್ಟೆ. ಸಹೋದ್ಯೋಗಿಯೊಬ್ಬರ ಕಾರು ಪಿ ಯಿಂದ ಹೊರಗೇ ಬರ್ತಿರಲಿಲ್ಲ. ಬ್ರೇಕ್ ಒತ್ತಿಸಿ ಹಿಂದೆ ನಿಂತು ನೋಡಿದೆ, ಬ್ರೇಕ್ ಲೈಟೂ ಹತ್ತುತ್ತಿಲ್ಲ. ಪೆಡಲಿನ ಹತ್ತಿರದ ಪುಟ್ಟ ಸ್ವಿಚ್ಚು ಕೆಟ್ಟರೆ ಬ್ರೇಕ್ ಒತ್ತಿದ್ದು ಕಾರಿಗೆ ಗೊತ್ತೇ ಆಗಲ್ಲ, ಪಿ ಬಿಡಲ್ಲ. ಅದೇ ಆಗಿತ್ತು. ಇನ್ನೊಬ್ಬರಿಗೆ ಪಿ0700 ಅಂತ ಕೋಡ್ ಬಂದಿತ್ತು. ಅದು ರೋಗದ ಹೆಸರಲ್ಲ, "ಟ್ರಾನ್ಸ್‌ಮಿಷನ್ ಕಂಪ್ಯೂಟರಿನಲ್ಲಿ ಬೇರೆ ಕೋಡ್ ಇದೆ, ಹೋಗಿ ಓದಿ" ಅನ್ನೋ ಚೀಟಿ ಅಷ್ಟೇ ಅಂತ ವಿವರಿಸಿದೆ. ಎಲ್ಲರೂ ಭೇಷ್ ಅಂದರು.

ಆಗ ಬಂದದ್ದು ನನ್ನ ಗೆಳೆಯನ ಕಾರು. ಕಾಲೇಜಿನಿಂದ ಜೊತೆಗಿದ್ದವನು, ಇಲ್ಲೇ ಹೆಂಡತಿ ಮತ್ತು ಎರಡು ವರ್ಷದ ಮಗಳ ಜೊತೆ ಇದ್ದಾನೆ. ಅವನ ಕಾರು ಬೆಳಿಗ್ಗೆ ಚೆನ್ನಾಗಿರೋದು, ಅರ್ಧ ಗಂಟೆ ಓಡಿ ಬಿಸಿಯಾದ ಮೇಲೆ ಜಾರೋದು. ಡಿಪ್ ಸ್ಟಿಕ್ ಎಳೆದೆ. ಮಟ್ಟ ಸರಿಯಾಗಿತ್ತು, ಬಣ್ಣ ಕಾಫಿ ಡಿಕಾಕ್ಷನ್, ಸುಟ್ಟ ವಾಸನೆ. ನೋಟ್ ಬುಕ್ ಬೇಕಾಗೇ ಇರಲಿಲ್ಲ, ಸಾಕ್ಷಿಯೆಲ್ಲ ನನ್ನ ಕೈಲಿದ್ದ ಬಟ್ಟೆ ಮೇಲೇ ಇತ್ತು. ಆದರೂ ನಾನು ಅಂದಿದ್ದು, "ಆಯಿಲ್ ಬದಲಾಯಿಸು ಕಣೋ, ಸರಿಹೋಗುತ್ತೆ, ಗ್ಯಾರೇಜಿನವರು ಸುಮ್ಮನೆ ಹೆದರಿಸ್ತಾರೆ."

ಬದಲಾಯಿಸಿದ. ಮೂರು ವಾರ ಓಡಿತು. ಒಂದು ರಾತ್ರಿ ಐ-71 ಹೆದ್ದಾರಿಯಲ್ಲಿ ಸಿನ್ಸಿನಾಟಿಯಿಂದ ವಾಪಸ್ ಬರುವಾಗ ಎಂಜಿನ್ ಓಡ್ತಿದೆ, ಕಾರು ಎಳೀತಿಲ್ಲ. ಹೊರಗೆ ಹಿಮ, ಒಳಗೆ ಮಗು. ಟೋ ಟ್ರಕ್ ಬರೋಕೆ ಒಂದೂವರೆ ಗಂಟೆ. ಮರುದಿನ ಅವನು ಬೈಯಲಿಲ್ಲ. "ನೀನು ಹೇಳಿದ್ದಕ್ಕೇ ಕಣೋ ಧೈರ್ಯ ಮಾಡಿ ಹೊರಟಿದ್ದು" ಅಂದ ಅಷ್ಟೇ. ಬೈದಿದ್ದರೇ ವಾಸಿಯಿತ್ತು.

ಸುಟ್ಟ ಆಯಿಲ್ ಅಂದರೆ ಕ್ಲಚ್ ಪ್ಲೇಟಿನ ಪದರ ಆಗಲೇ ಸವೆದಿದೆ ಅಂತ ಅನುಮಾನ ಪಡಬೇಕಿತ್ತು. ಹೊಸ ಆಯಿಲ್ ಹಾಕಿದರೆ ಸವೆದ ಪದರ ವಾಪಸ್ ಬೆಳೆಯುತ್ತಾ? ಇದು ಗೊತ್ತಿಲ್ಲದೆ ಮಾಡಿದ ತಪ್ಪಲ್ಲ. ನನ್ನ 260 ಡಾಲರಿನ ಕಥೆ ಇನ್ನೊಂದು ಸಲ ನಡೀಬೇಕು ಅನ್ನೋ ಆಸೆಗೆ ಕಣ್ಣೆದುರಿನ ಸಾಕ್ಷಿ ಓದಲಿಲ್ಲ. ಬಾನೆಟ್ ತೆಗೆಯದೆ ತೀರ್ಪು ಕೊಟ್ಟ ಆ ಮೊದಲ ಗ್ಯಾರೇಜಿನವನಿಗೂ ನನಗೂ ಏನು ವ್ಯತ್ಯಾಸ? ಅವನು ದುಡ್ಡಿಗೆ ಮಾಡಿದ, ನಾನು ಹೊಗಳಿಕೆಗೆ.

"ಅದಕ್ಕೇ ನಮ್ಮಂಥವರು ಇದಕ್ಕೆಲ್ಲ ಕೈ ಹಾಕಬಾರದು" ಅಂತ ಕೆಲವರು ಹೇಳಿದರು. ನಾನು ಒಪ್ಪಲ್ಲ. ಕೈ ಹಾಕದಿದ್ದರೆ ನನ್ನ 3,200 ಡಾಲರ್ ಹೋಗ್ತಿತ್ತು. ನಮ್ಮಪ್ಪ ಡಾಕ್ಟರ ಹತ್ತಿರ ಹೋಗುವಾಗ ಬಿಪಿ ಬರೆದಿಟ್ಟ ಚೀಟಿ ತಗೊಂಡು ಹೋಗ್ತಾರೆ, ಮಾತ್ರೆ ಮಾತ್ರ ತಾವೇ ಬರೆದುಕೊಳ್ಳಲ್ಲ. ಕಾರಿಗೂ ಅಷ್ಟೇ. ಯಾವಾಗ, ಹೇಗೆ, ಎಷ್ಟು ಬಿಸಿಯಲ್ಲಿ, ಆಯಿಲ್ ಎಷ್ಟು, ಯಾವ ಬಣ್ಣ, ಕೆಳಗೆ ಹನಿ ಇದೆಯಾ, ಕೋಡ್ ಏನು - ಇಷ್ಟನ್ನ ಮನೆಯಲ್ಲೇ ಬರೆದಿಡೋದು ನಮ್ಮ ಕೆಲಸ. ಆದರೆ ಸುಟ್ಟ ವಾಸನೆ ಬಂದರೆ, ಬಿಸಿಯಾದಾಗ ಜಾರಿದರೆ, ಆಯಿಲ್ ಹಾಲು ಬೆರೆಸಿದ ಹಾಗೆ ಗುಲಾಬಿ ಬಣ್ಣಕ್ಕೆ ತಿರುಗಿ ರೇಡಿಯೇಟರಿನ ನೀರು ಸೇರಿರೋ ಅನುಮಾನ ಬಂದರೆ, ಅಲ್ಲಿಗೆ ನಿಲ್ಲಿಸಿ. ಓಡಿಸೋದನ್ನೂ ನಿಲ್ಲಿಸಿ.

ಗೆಳೆಯನ ರಿಪೇರಿ ಖರ್ಚಿನಲ್ಲಿ ಅರ್ಧ ಕೊಡ್ತೀನಿ ಅಂದೆ, ಬೇಡ ಅಂದ. ಈಗಲೂ ಕೇಳ್ತಾನೇ ಇದ್ದೀನಿ. ನೋಟ್ ಬುಕ್ ಇನ್ನೂ ಕಾರಲ್ಲೇ ಇದೆ. ಮೊದಲ ಪುಟದಲ್ಲಿ ಅವನ ಕಾರಿನ ವಿವರ ಬರೆದಿಟ್ಟಿದ್ದೀನಿ, ಮರೀಬಾರದು ಅಂತ.

ನಿಮಗೂ ಹೀಗೆ ಬಲ್ಲವನ ಹಾಗೆ ಸಲಹೆ ಕೊಟ್ಟು ಕೈ ಸುಟ್ಟುಕೊಂಡ ಅನುಭವ ಆಗಿದೆಯಾ? ಬರೀರಿ, ನಾನೊಬ್ಬನೇ ಅಲ್ಲ ಅಂತ ಸಮಾಧಾನವಾದರೂ ಆಗಲಿ.