ಚಪಾತಿ ಬಿಡುವ ಮುನ್ನ ಒಂದು ರಕ್ತಪರೀಕ್ಷೆ

ಬೆಳಿಗ್ಗೆ ಏಳುವಾಗಲೇ ಸುಸ್ತು. ಊಟವಾದ ಮೇಲೆ ಹೊಟ್ಟೆ ಉಬ್ಬರ. ಮೈಕೈ ನೋವು, ಕೂದಲು ಉದುರುವುದು ಬೇರೆ. ಡಾಕ್ಟರ್ ಹತ್ತಿರ ಹೋದರೆ ‘ಏನೂ ಇಲ್ಲಮ್ಮ, ಟೆನ್ಶನ್ ಮಾಡ್ಕೋಬೇಡಿ’ ಅಂತಾರೆ. ಮನೆಯಲ್ಲಿ ಹೇಳಿದರೆ ‘ನಿಂದು ದಿನಾ ಇದ್ದದ್ದ’ ಎಂಬ ಉತ್ತರ. ನಿಮಗೂ ಹೀಗೇ ಆಗಿದೆಯಾ? ಹಾಗಾದರೆ ‘ಗೋಧಿ ಬಿಟ್ಟು ನೋಡ್ರಿ’ ಎಂಬ ಸಲಹೆಯೂ ನಿಮಗೆ ಬಂದೇ ಬಂದಿರುತ್ತದೆ!

ನಮ್ಮ ಹುಬ್ಬಳ್ಳಿಯ ಗೋಕುಲ ರಸ್ತೆಯಲ್ಲಿ ಸಂಜೆ ವಾಕಿಂಗ್ ಹೊರಟರೆ ಈಗ ಇದೇ ಮಾತು. ಅಂಗಡಿಗಳಲ್ಲೂ ‘ಗ್ಲುಟೆನ್ ಫ್ರೀ’ ಎಂದು ಬರೆದ ಬಿಸ್ಕಿಟ್, ಹಿಟ್ಟಿನ ಪೊಟ್ಟಣಗಳು. ಬೆಲೆ ಮಾತ್ರ ಕೇಳಬೇಡಿ.

ನಮ್ಮ ಓಣಿಯ ಒಬ್ಬ ಅಕ್ಕನ ಕಥೆ ಹೇಳುತ್ತೇನೆ. ಎರಡು ವರ್ಷ ಸುಸ್ತು, ಹೊಟ್ಟೆ ತೊಂದರೆ. ಯಾರೋ ಹೇಳಿದರೆಂದು ಚಪಾತಿ, ರವಾ ಎಲ್ಲ ಬಿಟ್ಟರು. ಹೊಟ್ಟೆ ಸ್ವಲ್ಪ ಹಗುರಾಯಿತು, ಸುಸ್ತು ಹೋಗಲಿಲ್ಲ. ಐದು ತಿಂಗಳ ಮೇಲೆ ತಜ್ಞರ ಬಳಿ ಹೋದಾಗ ಅವರು ಹೇಳಿದ್ದು: ‘ಗೋಧಿ ಬಿಟ್ಟ ಮ್ಯಾಲೆ ಪರೀಕ್ಷಾ ಮಾಡಿದ್ರ ಖರೇ ಉತ್ತರ ಸಿಗೂದಿಲ್ರೀ. ಮತ್ತ ತಿನ್ನಬೇಕು.’ ಅಕ್ಕ ಅತ್ತೇಬಿಟ್ಟರು. ಕೆಲವು ವಾರ ದಿನಾ ಚಪಾತಿ ತಿಂದು, ಆಮೇಲೆ ರಕ್ತ ಕೊಟ್ಟರು.

ಏನಿದು ಗ್ಲುಟೆನ್?

ಗೋಧಿ, ಜವೆಗೋಧಿಯಂಥ ಧಾನ್ಯಗಳಲ್ಲಿರುವ ಪ್ರೋಟೀನ್ ಇದು. ಹೋಳಿಗೆಯ ಕಣಕ ಹರಿಯದೆ ಹಿಗ್ಗುವುದು ಇದರಿಂದಲೇ. ಸೀಲಿಯಾಕ್ ಎಂಬ ಕಾಯಿಲೆ ಇದ್ದವರಿಗೆ ಇದು ವೈರಿ. ಗ್ಲುಟೆನ್ ಒಳಗೆ ಹೋದರೆ ಅವರ ದೇಹದ ರಕ್ಷಣಾ ವ್ಯವಸ್ಥೆಯೇ ಸಣ್ಣ ಕರುಳಿನ ಒಳಪದರವನ್ನು ಹಾಳು ಮಾಡುತ್ತದೆ. ಉಂಡದ್ದು ಮೈಗೆ ಹತ್ತುವುದಿಲ್ಲ. ರಕ್ತಹೀನತೆ, ಮೂಳೆ ಸವೆತ, ಕೆಲವರಿಗೆ ಗರ್ಭ ನಿಲ್ಲದಿರುವುದು, ಮಕ್ಕಳಲ್ಲಿ ಬೆಳವಣಿಗೆ ಕುಂಠಿತ ಎಲ್ಲವೂ ಆಗಬಹುದು. ಗೋಧಿಗೂ ಈ ಕಾಯಿಲೆಗೂ ಇರುವ ನಂಟನ್ನು ತೋರಿಸಿಕೊಟ್ಟವರು ಹಾಲೆಂಡಿನ ಮಕ್ಕಳ ವೈದ್ಯ ವಿಲ್ಲೆಮ್ ಡಿಕೆ. ಎರಡನೇ ಮಹಾಯುದ್ಧದ ಕೊನೆಯಲ್ಲಿ, 1944-45ರಲ್ಲಿ, ಅಲ್ಲಿ ಬ್ರೆಡ್ಡಿಗೇ ಬರ ಬಂದಾಗ ಈ ಮಕ್ಕಳು ಸುಧಾರಿಸಿದ್ದು ಅವರ ಅನುಮಾನವನ್ನು ಗಟ್ಟಿ ಮಾಡಿತು.

ನಮ್ಮಲ್ಲಿ ಎಷ್ಟು ಜನರಿಗೆ?

2016ರಲ್ಲಿ ಪ್ರಕಟವಾದ ದೇಶದ ದೊಡ್ಡ ಅಧ್ಯಯನವೊಂದರಲ್ಲಿ ಈ ಕಾಯಿಲೆಯ ಸುಳಿವು ರಕ್ತದಲ್ಲಿ ಕಂಡದ್ದು ಉತ್ತರ ಭಾರತದಲ್ಲಿ ನೂರಕ್ಕೆ ಒಬ್ಬರಿಗಿಂತ ತುಸು ಹೆಚ್ಚು ಜನರಲ್ಲಿ, ದಕ್ಷಿಣದಲ್ಲಿ ಸಾವಿರಕ್ಕೆ ಒಬ್ಬರಲ್ಲಿ. ಅಂದರೆ ನಮ್ಮ ಕಡೆ ಬಹಳ ಅಪರೂಪ. ಆದರೆ ರಕ್ತಹೀನತೆ? 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವಯಸ್ಸಿನ ಮಹಿಳೆಯರಲ್ಲಿ ನೂರಕ್ಕೆ ಸುಮಾರು 48 ಮಂದಿಗೆ ಇದೆ! ಸುಸ್ತಾದ ಹೆಣ್ಣುಮಗಳು ಮೊದಲು ಅನುಮಾನಿಸಬೇಕಾದ್ದು ಚಪಾತಿಯನ್ನಲ್ಲ, ತನ್ನ ಹಿಮೋಗ್ಲೋಬಿನ್ನನ್ನು.

ನಮ್ಮ ಅಕ್ಕನದೂ ಅದೇ ಆಯಿತು. ಸೀಲಿಯಾಕ್ ಇಲ್ಲ. ಕಬ್ಬಿಣಾಂಶ, ಬಿ12 ಎರಡೂ ಪಾತಾಳದಲ್ಲಿ. ಔಷಧದ ಮೇಲೆ ಈಗ ಬಹಳ ಸುಧಾರಿಸಿದ್ದಾರೆ. ಹೊಟ್ಟೆ ಉಬ್ಬರ ಮಾತ್ರ ಆಗಾಗ ಬರುತ್ತದೆ, ಕಾರಣ ಇನ್ನೂ ಪೂರ್ತಿ ಸಿಕ್ಕಿಲ್ಲ.

‘ಹಾಗಾದರೆ ಗೋಧಿ ಬಿಟ್ಟಾಗ ಹೊಟ್ಟೆ ಹಗುರಾದದ್ದು ಸುಳ್ಳೇ?’ ಎಂದು ನೀವು ಕೇಳಬಹುದು. ಸುಳ್ಳಲ್ಲ. ಗೋಧಿಯಲ್ಲಿ ಫ್ರಕ್ಟಾನ್ ಎಂಬ ಸಕ್ಕರೆಯಂಥ ಅಂಶವೂ ಇದೆ. ಕೆಲವರ ಕರುಳಿನಲ್ಲಿ ಅದು ಗ್ಯಾಸ್ ಮಾಡುತ್ತದೆ. ತಮಗೆ ಗ್ಲುಟೆನ್ ಆಗದು ಎಂದುಕೊಂಡಿದ್ದವರ ಮೇಲೆ ನಾರ್ವೆಯಲ್ಲಿ ನಡೆದು 2018ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಹೆಚ್ಚು ತೊಂದರೆ ಕೊಟ್ಟದ್ದು ಗ್ಲುಟೆನ್ ಅಲ್ಲ, ಫ್ರಕ್ಟಾನ್. ಇದು ಉಳ್ಳಾಗಡ್ಡಿ, ಬೆಳ್ಳುಳ್ಳಿಯಲ್ಲೂ ಇದೆ. ಬರೀ ಚಪಾತಿಯನ್ನು ಬೈದು ಏನು ಪ್ರಯೋಜನ?

ನಿಜವಾಗಿಯೂ ಸೀಲಿಯಾಕ್ ಇದ್ದರೆ

ಆಗ ಅದು ಫ್ಯಾಶನ್ ಅಲ್ಲ, ಜೀವನಪೂರ್ತಿ ಪಥ್ಯ. ಹಬ್ಬಕ್ಕೊಂದು ಹೋಳಿಗೆ, ಮದುವೆಯಲ್ಲಿ ಒಂದು ಚಮಚ ಗೋಧಿ ಹುಗ್ಗಿ ಎಂದರೂ ನಡೆಯದು. ಆದರೆ ಎದೆಗುಂದಬೇಡಿ, ನಾವು ಜೋಳದ ನಾಡಿನವರು! ಜೋಳದ ರೊಟ್ಟಿ, ಸಜ್ಜಿ ರೊಟ್ಟಿ, ನವಣೆ ಅನ್ನ, ರಾಗಿ, ಅಕ್ಕಿ, ಬೇಳೆಕಾಳು ಯಾವುದರಲ್ಲೂ ಗ್ಲುಟೆನ್ ಇಲ್ಲ. ವಿಶ್ವಸಂಸ್ಥೆ 2023ನ್ನು ಸಿರಿಧಾನ್ಯ ವರ್ಷವೆಂದು ಆಚರಿಸಿತು. ನಮ್ಮ ಅಜ್ಜಿಯರಿಗೆ ಎಲ್ಲ ವರ್ಷವೂ ಅದೇ ಆಗಿತ್ತು. ಎಚ್ಚರ ಬೇಕಾದ್ದು ಗಿರಣಿಯಲ್ಲಿ. ಗೋಧಿ ಬೀಸಿದ ಕಲ್ಲಿನಲ್ಲೇ ಜೋಳ ಬೀಸಿದರೆ ಹಿಟ್ಟಿನಲ್ಲಿ ಗೋಧಿ ಬೆರೆಯುತ್ತದೆ. ಮನೆಯಲ್ಲೇ ಸಣ್ಣ ಗಿರಣಿ ಇಟ್ಟುಕೊಳ್ಳುವುದು ಕ್ಷೇಮ. ಅಂಗಡಿಯ ಇಂಗಿನಲ್ಲಿ ಮೈದಾ, ಹಾಲಿಗೆ ಹಾಕುವ ಮಾಲ್ಟ್ ಪುಡಿಯಲ್ಲಿ ಜವೆಗೋಧಿ ಇರಬಹುದು. ಪೊಟ್ಟಣದ ಹಿಂಭಾಗ ಓದಿ. ನಮ್ಮ ದೇಶದ ನಿಯಮದಂತೆ ಒಂದು ಕಿಲೋದಲ್ಲಿ 20 ಮಿಲಿಗ್ರಾಂಗಿಂತ ಹೆಚ್ಚು ಗ್ಲುಟೆನ್ ಇಲ್ಲದಿದ್ದರೆ ಮಾತ್ರ ‘ಗ್ಲುಟೆನ್ ಫ್ರೀ’ ಎನ್ನಬಹುದು.

ಇವನ್ನು ನೆನಪಿಡಿ

* ಗೋಧಿ ಬಿಡುವ ಮೊದಲೇ ಪರೀಕ್ಷೆ ಮಾಡಿಸಿ. ಹಿಮೋಗ್ಲೋಬಿನ್, ಕಬ್ಬಿಣಾಂಶ, ಬಿ12, ಥೈರಾಯ್ಡ್, ಸಕ್ಕರೆ ನೋಡಿಸಿ. ಅನುಮಾನವಿದ್ದರೆ ವೈದ್ಯರು ‘ಟಿಟಿಜಿ’ ರಕ್ತಪರೀಕ್ಷೆ, ಬೇಕಾದರೆ ಕರುಳಿನ ಬಯಾಪ್ಸಿ ಹೇಳುತ್ತಾರೆ.
* ತಾಯಿ, ಅಕ್ಕತಂಗಿ, ಮಕ್ಕಳಲ್ಲಿ ಯಾರಿಗಾದರೂ ಸೀಲಿಯಾಕ್ ಇದ್ದರೆ ನೀವೂ ಪರೀಕ್ಷಿಸಿಕೊಳ್ಳಿ.
* ಎರಡು ವಾರ ಒಂದು ನೋಟ್‌ಬುಕ್ಕಿನಲ್ಲಿ ಉಂಡದ್ದು, ನೋವು, ನಿದ್ದೆ, ಮುಟ್ಟಿನ ದಿನ ಬರೆಯಿರಿ. ಡಾಕ್ಟರ್ ಮುಂದೆ ಅದನ್ನು ಇಡಿ. ‘ಟೆನ್ಶನ್’ ಎಂದು ಕಳಿಸುವುದು ಆಗ ಅಷ್ಟು ಸುಲಭವಲ್ಲ.
* ತೂಕ ಇಳಿಯುತ್ತಿದ್ದರೆ, ಮಲದಲ್ಲಿ ರಕ್ತ ಕಂಡರೆ, ರಾತ್ರಿ ಎಬ್ಬಿಸುವಂಥ ಭೇದಿ ಇದ್ದರೆ ತಡ ಮಾಡಬೇಡಿ.
* ಗ್ಲುಟೆನ್ ಫ್ರೀ ಬಿಸ್ಕಿಟ್ ತೂಕ ಇಳಿಸುವ ಔಷಧವಲ್ಲ. ಅದರಲ್ಲೂ ಸಕ್ಕರೆ, ಎಣ್ಣೆ ಇದ್ದೇ ಇರುತ್ತದೆ.

ಕೊನೆಗೊಂದು ಮಾತು. ಎಲ್ಲ ರಿಪೋರ್ಟ್ ನಾರ್ಮಲ್ ಬಂದರೂ ನಿಮ್ಮ ಸುಸ್ತು ಸುಳ್ಳಾಗುವುದಿಲ್ಲ. ಕಾರಣ ಸಿಗುವವರೆಗೆ ಮಧ್ಯಾಹ್ನ ಅರ್ಧ ತಾಸು ಅಡ್ಡಾಗಿ, ಕೆಲಸ ಹಂಚಿಕೊಳ್ಳಲು ಮನೆಯವರಿಗೆ ಹೇಳಿ, ಮೂರು ತಿಂಗಳ ನಂತರ ಮತ್ತೆ ತೋರಿಸಿ. ಮನೆಮಂದಿಗೆಲ್ಲ ಬಡಿಸಿದ ಮೇಲೆ ಬುಟ್ಟಿಯಲ್ಲಿ ಉಳಿದ ಒಂದು ರೊಟ್ಟಿಯಲ್ಲಿ ಊಟ ಮುಗಿಸುವ ಅಭ್ಯಾಸವನ್ನು ಮಾತ್ರ ಇವತ್ತೇ ಬಿಟ್ಟುಬಿಡಿ. ಅದಕ್ಕೆ ಯಾವ ಪರೀಕ್ಷೆಯೂ ಬೇಕಾಗಿಲ್ಲ.