ಸಾವಿರ ರನ್ ಹಾಕಿದ್ರೆ ಸಾಕಾ?

ಅನಲಾಗ್ ಡಿಸೈನಿಗೆ ಬರೋ ಹೊಸ ಹುಡುಗರು ೧೦೦೦ ಮಾಂಟೆ ಕಾರ್ಲೊ ರನ್ ಹಾಕಿ, ಅಂದ್ರೆ ಪ್ರತಿ ಸಲ ಟ್ರಾನ್ಸಿಸ್ಟರುಗಳನ್ನ ಚೂರು ಏರುಪೇರು ಮಾಡಿ ನೋಡಿ, "ಮಿಸ್‌ಮ್ಯಾಚ್ ಮುಗೀತು" ಅಂತಾರೆ. ನಾನಂತೂ ಒಪ್ಪಲ್ಲ.

ನಮ್ಮ ಬೂದಿಕೋಟೆ ಹೊಲದಲ್ಲಿ ಅಕ್ಕಪಕ್ಕದ ಎರಡು ರಾಗಿ ತೆನೆ ಒಂದೇ ತೂಕ ಇರುತ್ತಾ? ಟ್ರಾನ್ಸಿಸ್ಟರೂ ಹಾಗೇ. ಫಿಲಿಪ್ಸ್‌ನ ಪೆಲ್‌ಗ್ರೋಮ್ ಮತ್ತು ಸಂಗಡಿಗರು ೧೯೮೯ರಲ್ಲೇ ಲೆಕ್ಕ ಕೊಟ್ಟಿದ್ದಾರೆ: ವ್ಯತ್ಯಾಸ ಅರ್ಧಕ್ಕಿಳಿಬೇಕಾದರೆ ವಿಸ್ತೀರ್ಣ ೪ ಪಟ್ಟಾಗಬೇಕು. ಕಾಗದದ ಮೇಲೆ ಎರಡು ನಿಮಿಷದ ಕೆಲಸ. ಅದನ್ನ ಬಿಟ್ಟು ರಾತ್ರಿಯಿಡೀ ಸರ್ವರ್ ಓಡಿಸ್ತಾರೆ!

ಇನ್ನೊಂದಿದೆ. ನೀರಿನ ಕಡೆ ತೆನೆ ದಪ್ಪ, ದಿಣ್ಣೆ ಕಡೆ ಸಣಕಲು. ಚಿಪ್ಪಿನಲ್ಲೂ ಒಂದು ಬದಿಯಿಂದ ಇನ್ನೊಂದಕ್ಕೆ ಇಂಥ ಇಳಿಜಾರು ಇರುತ್ತೆ. ಮಾಮೂಲಿ ಮಿಸ್‌ಮ್ಯಾಚ್ ರನ್ನಿಗೆ ಯಾವ ಟ್ರಾನ್ಸಿಸ್ಟರ್ ಎಲ್ಲಿ ಕೂತಿದೆ ಅನ್ನೋದೇ ಗೊತ್ತಿರಲ್ಲ. ಜೋಡಿಯನ್ನ ಎ-ಬಿ-ಬಿ-ಎ ಅಂತ ಹೆಣೆದು ಲೇಔಟ್ ಮಾಡೋರೇ ಅದನ್ನ ಸರಿದೂಗಿಸಬೇಕು. ಅವರನ್ನ ಮೊದಲ ದಿನವೇ ಪಕ್ಕದಲ್ಲಿ ಕೂರಿಸ್ಕೊಳ್ರಪ್ಪಾ!