ಬಳೆ ಬಾಳೆಯಾದಾಗ

ರೆಕಾರ್ಡ್ ಪ್ಲೇಯರ್ ಇದ್ದ ಮನೆಗಳಲ್ಲಿ ಬೆಳೆದವರಿಗೆ ಈ ವಿನೋದದ ನೆನಪಿರಬಹುದು. ನಿಮಿಷಕ್ಕೆ 33 ಸುತ್ತು ತಿರುಗಬೇಕಾದ ತಟ್ಟೆಯನ್ನು 45ರ ವೇಗಕ್ಕೆ ಏರಿಸಿದೊಡನೆ, ಗಂಭೀರವಾದ ಪುರುಷಕಂಠವೊಂದು ಕೀಚಲು ದನಿಯಾಗಿ, ಮಕ್ಕಳು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಕಾಲವು ಕುಗ್ಗಿದರೆ ಶ್ರುತಿ ಏರಬೇಕು, ಹಿಗ್ಗಿದರೆ ಇಳಿಯಬೇಕು. ಎರಡನ್ನೂ ಒಂದೇ ಹಗ್ಗದಲ್ಲಿ ಬಿಗಿದಂತಿತ್ತು.

ಆ ಗಂಟನ್ನು ಬಿಚ್ಚಿದವರಲ್ಲಿ ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದ ಫೇರ್‌ಬ್ಯಾಂಕ್ಸ್ ಮತ್ತು ಅವರ ಸಂಗಡಿಗರೂ ಸೇರುತ್ತಾರೆ. 1954ರಲ್ಲಿ ಅವರು ಟೇಪ್ ಯಂತ್ರದ ನೆರವಿನಿಂದ, ಶ್ರುತಿ ಕೆಡದಂತೆ ಮಾತನ್ನು ಕುಗ್ಗಿಸುವ ವಿಧಾನವೊಂದನ್ನು ವಿವರಿಸಿದರು. ಇಂದಿನ ಧ್ವನಿಮುದ್ರಣ ಸಾಫ್ಟ್‌ವೇರುಗಳ ಒಂದು ಮುಖ್ಯ ಉಪಾಯವೂ ಅದೇ ಜಾತಿಯದು. ದನಿಯನ್ನು ಸೆಕೆಂಡಿನ ಅತಿ ಸಣ್ಣ ಪಾಲಿನ ತುಣುಕುಗಳಾಗಿ ಕತ್ತರಿಸಬೇಕು. ಕುಗ್ಗಿಸಲು ನಡುನಡುವೆ ಕೆಲವನ್ನು ಬಿಡಬೇಕು, ಹಿಗ್ಗಿಸಲು ಕೆಲವನ್ನು ಮರಳಿ ಪೋಣಿಸಬೇಕು. ಬೆಸುಗೆ ತಿಳಿಯದಂತೆ ಒಂದರ ಅಂಚಿನ ಮೇಲೆ ಇನ್ನೊಂದನ್ನು ಹೊದಿಸಬೇಕು. ತುಣುಕಿನೊಳಗಿನ ಕಂಪನವನ್ನು ಮುಟ್ಟದಿರುವುದರಿಂದ ಶ್ರುತಿ ಕದಲುವುದಿಲ್ಲ.

ಇಲ್ಲಿ ನಮ್ಮ ವೈಯಾಕರಣರು ನೆನಪಾಗುತ್ತಾರೆ. ಹ್ರಸ್ವಕ್ಕೆ 1 ಮಾತ್ರೆ, ದೀರ್ಘಕ್ಕೆ 2, ಪ್ಲುತಕ್ಕೆ 3. ವ್ಯಂಜನಕ್ಕೋ ಅರ್ಧವೇ ಮಾತ್ರೆ. ಎಂಥ ಸೂಕ್ಷ್ಮವಾದ ಕಿವಿ! ಸ್ವರವನ್ನು ಉಸಿರಿರುವ ತನಕ ಎಳೆಯಬಹುದು. 'ಟ್' ಎಂಬುದನ್ನು ಎಳೆಯುವ ಬಗೆಯೆಂತು? ಒಮ್ಮೆ ಸಿಡಿದು ಮುಗಿಯುವ ದನಿ ಅದು. ಯಂತ್ರವು ಅದನ್ನೂ ಕತ್ತರಿಸಿ ಮರಳಿ ಪೋಣಿಸಿದರೆ ಮಾತು ತೊದಲುತ್ತದೆ, ಮೃದಂಗದ ಒಂದು ಪೆಟ್ಟು ಎರಡಾಗಿ ಕೇಳುತ್ತದೆ. ಆದುದರಿಂದಲೇ ಒಳ್ಳೆಯ ಸಾಫ್ಟ್‌ವೇರುಗಳು ಇಂಥ ಸಿಡಿತಗಳನ್ನು ಗುರುತಿಸಿ ಹಾಗೆಯೇ ಉಳಿಸಿ, ಅವುಗಳ ನಡುವಣ ಭಾಗವನ್ನು ಮಾತ್ರ ಎಳೆಯುತ್ತವೆ.

ಇಡೀ ವಾಕ್ಯವನ್ನು ಒಂದೇ ಪ್ರಮಾಣದಲ್ಲಿ ಹಿಗ್ಗಿಸಿದಾಗ ಅರ್ಥಕ್ಕೇನೂ ಮೋಸವಿಲ್ಲ. 'ಬಳೆ'ಯ ಅಕಾರ ಉದ್ದವಾದರೂ ನೆರೆಹೊರೆಯ ಅಕ್ಷರಗಳೂ ಜೊತೆಯಲ್ಲಿಯೇ ಬೆಳೆದಿರುವುದರಿಂದ ಕಿವಿಯು ಅದನ್ನು ಹ್ರಸ್ವವೆಂದೇ ಎಣಿಸುತ್ತದೆ. ತೊಡಕು ಬರುವುದು 'ವಾರ್ಪ್' ಎಂಬ ಕ್ರಮದಲ್ಲಿ. ಏಬಲ್ಟನ್ ಲೈವ್ ಮೊದಲಾದ ಸಾಫ್ಟ್‌ವೇರುಗಳಲ್ಲಿ ಪರದೆಯ ಮೇಲೆ ಕಾಣುವ ದನಿಯ ಅಲೆಗೆ ಅಲ್ಲಲ್ಲಿ ಮೊಳೆ ಹೊಡೆದು, ತಾಳದ ಗೆರೆಗೆ ಎಳೆದು ಕೂರಿಸಬಹುದು. ಮೊಳೆಗಳ ನಡುವಣ ದನಿ ರಬ್ಬರಿನಂತೆ ಹಿಗ್ಗುತ್ತದೆ, ಕುಗ್ಗುತ್ತದೆ. ಗಾಯಕಿಯು 'ಳೆ' ಎಂಬುದನ್ನು ತಾಳಕ್ಕಿಂತ ತುಸು ಮುಂಚೆ ನುಡಿದಿದ್ದಾಳೆನ್ನಿ. ಅದನ್ನು ಗೆರೆಗೆ ತಳ್ಳಬೇಕಾದರೆ ಹಿಂದಿನ ಅಕಾರವು ಬೆಳೆಯಲೇಬೇಕು. ತಳ್ಳಾಟ ಮಿತಿ ಮೀರಿದರೆ ಬಳೆಯು ಬಾಳೆಯಾಗಿ, ಮದುಮಗಳು ಕೈತುಂಬ ಬಾಳೆ ತೊಟ್ಟು ಹಸೆಯೇರುತ್ತಾಳೆ!

ಹಾಡಿನಲ್ಲಿ ಹ್ರಸ್ವವನ್ನು ಎಳೆಯುವ ವಾಡಿಕೆ ಇಲ್ಲವೆ ಎಂದು ನೀವು ಕೇಳಬಹುದು. ಧಾರಾಳವಾಗಿ ಉಂಟು. ಆದರೆ ಎಲ್ಲಿ ಎಳೆದರೆ ಮಾತು ಉಳಿದೀತೆಂಬುದನ್ನು ಗಾಯಕಿ ಬಲ್ಲಳು. ತಾಳಕ್ಕಿಂತ ಮುಂಚೆ ಎತ್ತಿಕೊಂಡುದೂ ಆಕೆ ಬೇಕೆಂದೇ ಮಾಡಿದ್ದಿರಬಹುದು. ಗೆರೆಗೆ ಇದೊಂದೂ ತಿಳಿಯದು. 1902ರಲ್ಲಿ ಕಲ್ಕತ್ತೆಯಲ್ಲಿ ಗೌಹರ್ ಜಾನ್ ಗ್ರಾಮಫೋನಿಗೆ ಹಾಡಿದಾಗ, ತಟ್ಟೆಯಲ್ಲಿ ಸುಮಾರು 3 ನಿಮಿಷಕ್ಕಷ್ಟೇ ಎಡೆಯಿತ್ತು. ದೀರ್ಘಕಾಲ ಹಾಡುವ ಗಾನವನ್ನು ಅಷ್ಟರೊಳಗೆ ಅಡಗಿಸಲು ಏನನ್ನು ಬಿಡಬೇಕು, ಏನನ್ನು ಉಳಿಸಬೇಕೆಂದು ಆಕೆ ಆಯ್ದುಕೊಳ್ಳಬೇಕಾಯಿತು. ಅದೂ ಕಾಲವನ್ನು ಕುಗ್ಗಿಸುವ ವಿದ್ಯೆಯೇ. ತುಣುಕು ಎಣಿಸಿ ಎಸೆಯುವ ವಿದ್ಯೆಯಲ್ಲ.

ಹಾಗೆಂದು ಈ ಯಂತ್ರವನ್ನು ಹಳಿಯುವ ಮನಸ್ಸು ನನಗಿಲ್ಲ. ಮನೆಯಲ್ಲಿ ಸಂಗೀತ ಕಲಿಯುವ ಮಕ್ಕಳಿದ್ದರೆ, ಬಿರುಸಾದ ಸಂಗತಿಯೊಂದನ್ನು ಮುಕ್ಕಾಲು ವೇಗಕ್ಕೆ ಇಳಿಸಿ ಕೇಳಿಸಿರಿ. ಶ್ರುತಿ ಕದಲದಿರುವುದರಿಂದ ತಂಬೂರಿಯನ್ನು ಬದಲಿಸಬೇಕಾಗಿಲ್ಲ. ಕಿವಿಗೆ ಸಿಗದೆ ಜಾರುತ್ತಿದ್ದ ಗಮಕ ಬಿಡಿಬಿಡಿಯಾಗಿ ತೋರುತ್ತದೆ. ತೀರ ಇಳಿಸಬೇಡಿ, ಮೃದಂಗವು ಮಸುಕಾಗುತ್ತದೆ.